ಊರ ಗುಡಿಯನ್ನು ಮುಜರಾಯಿಗೆ ಒಪ್ಪಿಸಬೇಕೇ? ಅನುಭವಸ್ಥರು ತಿಳಿಸಿ

ಪ್ರಶ್ನೆ (ಮದ್ದೂರು ಕಡೆಯಿಂದ): ನಮ್ಮೂರಿನ ಲಕ್ಷ್ಮೀದೇವಿ ಗುಡಿಯನ್ನು ಗ್ರಾಮಸ್ಥರ ಟ್ರಸ್ಟ್ ನಡೆಸುತ್ತಿದೆ. ಗೋಪುರ ಬಿರುಕು ಬಿಟ್ಟಿದೆ. ಅನುದಾನ ಸಿಗಬೇಕಾದರೆ ಮುಜರಾಯಿಗೆ, ಅಂದರೆ ಸರ್ಕಾರದ ದೇವಸ್ಥಾನಗಳ ಇಲಾಖೆಗೆ ಸೇರಿಸೋಣವೆಂದು ಕೆಲವರೂ, ಬೇಡವೇ ಬೇಡವೆಂದು ಹಿರಿಯರೂ ಹೇಳುತ್ತಿದ್ದಾರೆ. ಕಂಡುಂಡವರು ದಯವಿಟ್ಟು ತಿಳಿಸಿ.

ಮಂಡ್ಯ ಜಿಲ್ಲೆಯ ಅರ್ಚಕ: ನಮ್ಮದು ಮುಜರಾಯಿಯ 'ಸಿ' ವರ್ಗದ, ಅಂದರೆ ಕಡಿಮೆ ಆದಾಯದ ಗುಡಿ. ನಮ್ಮ ತಾತನವರು ಪೂಜೆ ಮಾಡುತ್ತಿದ್ದಾಗ ದೇವರ ಹೆಸರಿನಲ್ಲಿ ನಾಲ್ಕೂವರೆ ಎಕರೆ ಇನಾಂ (ದಾನವಾಗಿ ಬಿಟ್ಟ) ಗದ್ದೆಯಿತ್ತು. 1955ರ ಇನಾಂ ರದ್ದತಿ ಕಾಯಿದೆಯಲ್ಲಿ ಅದು ಹೋಯಿತು, ಬದಲಿಗೆ ತಸ್ತೀಕ್, ಅಂದರೆ ಪೂಜೆಗೆಂದು ಸರ್ಕಾರ ವರ್ಷವರ್ಷ ಕೊಡುವ ಹಣ ಬಂತು. 2022ರಲ್ಲಿ ಆ ತಸ್ತೀಕನ್ನು ವರ್ಷಕ್ಕೆ 48,000ದಿಂದ 60,000 ರೂಪಾಯಿಗೆ ಏರಿಸಿದಾಗ ನಮ್ಮ ಮನೆಯಲ್ಲಿ ಸಂತೋಷವಾದದ್ದು ನಿಜ. ಆದರೆ ಆಗ ಅದು ದಿನಕ್ಕೆ 164 ರೂಪಾಯಿಯಾಯಿತು, ಅಷ್ಟೇ. ನಂದಾದೀಪದ ಎಣ್ಣೆ, ಹೂವು, ನೈವೇದ್ಯದ ಅಕ್ಕಿ ಎಲ್ಲವೂ ಅದರಲ್ಲೇ ಆಗಬೇಕಿತ್ತು, ಉಳಿದದ್ದು ನನ್ನ ಸಂಬಳ. ಒಂದು ವರ್ಷ ಆ ಹಣವೂ ಏಳು ತಿಂಗಳು ತಡವಾಯಿತು. ಹನ್ನೊಂದು ಬಾರಿ ಕಚೇರಿಗೆ ಅಲೆದೆ, ಬಸ್ಸಿಗೇ 1,320 ರೂಪಾಯಿ ಖರ್ಚಾಯಿತು. ದಯವಿಟ್ಟು ಒಪ್ಪಿಸಬೇಡಿ.

ಮೈಸೂರು ತಾಲ್ಲೂಕಿನ ಮಾಜಿ ಧರ್ಮದರ್ಶಿ: ಅರ್ಚಕರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಟ್ರಸ್ಟಿನ ಕೈಯಲ್ಲಿ ಗುಡಿ ಹೇಗೆ ಕೊಳೆಯುತ್ತದೆಂಬುದನ್ನು ನೀವು ಕಂಡಿಲ್ಲ. ನಮ್ಮಲ್ಲಿ ಎರಡು ಮನೆತನಗಳು ಹುಂಡಿಯ ಬೀಗದ ಕೈಗಾಗಿ ಆರು ವರ್ಷ ನ್ಯಾಯಾಲಯದಲ್ಲಿ ಹೋರಾಡಿದವು. ವಕೀಲರಿಗೆ ನನ್ನ ಕೈಯಿಂದಲೇ 1,80,000 ರೂಪಾಯಿ ಹೋಯಿತು, ಮೂರು ವರ್ಷ ರಥೋತ್ಸವ ನಿಂತಿತು, ಉತ್ಸವಮೂರ್ತಿಯ ಒಡವೆ ಯಾರ ಮನೆಯಲ್ಲಿತ್ತೆಂದು ಕೊನೆಗೂ ತಿಳಿಯಲಿಲ್ಲ. ಮುಜರಾಯಿಗೆ ಸೇರಿದ ಮೇಲೆ 1997ರ ಧಾರ್ಮಿಕ ದತ್ತಿ ಕಾಯಿದೆಯಂತೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ ಬಂತು, ಅದರಲ್ಲಿ ಪರಿಶಿಷ್ಟ ಜಾತಿಯವರಿಗೂ ಹೆಣ್ಣುಮಕ್ಕಳಿಗೂ ಸ್ಥಾನ ಸಿಕ್ಕಿತು. ಹಿಂದೆ ಹೊಸಿಲಾಚೆ ನಿಲ್ಲುತ್ತಿದ್ದವರು ಇಂದು ಲೆಕ್ಕ ಕೇಳುತ್ತಾರೆ. ಅದಕ್ಕಾಗಿ ನಾನು ಹೆಮ್ಮೆಪಡುತ್ತೇನೆ.

ಮೈಸೂರಿನ ನಿವೃತ್ತ ಶಿಕ್ಷಕ: ಲೆಕ್ಕ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಚರ್ಚಿನ ಕಾಣಿಕೆಯನ್ನು ಮುಟ್ಟದ ಸರ್ಕಾರ ಗುಡಿಯ ಹುಂಡಿಯನ್ನು ಮಾತ್ರ ಏಕೆ ಎಣಿಸಬೇಕು? ಚಾಮುಂಡಿ ಬೆಟ್ಟಕ್ಕೆ 2024ರಲ್ಲಿ ಸರ್ಕಾರಿ ಪ್ರಾಧಿಕಾರ ರಚಿಸುವ ಕಾಯಿದೆ ತಂದಾಗ ರಾಜಮನೆತನದವರೇ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು.

ಮೈಸೂರಿನ ಕ್ರೈಸ್ತ ಓದುಗ: ಚರ್ಚಿನ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿಯವರು, ನಾವು ಅದನ್ನು ಮರೆತಿಲ್ಲ. ಆದರೆ ನಮ್ಮ ಬಡಾವಣೆಯ ಚಿಕ್ಕ ಚರ್ಚಿನ ಚಾವಣಿಗೆ ಯಾರೂ ಅನುದಾನ ಕೊಡಲಿಲ್ಲ. ಮೂರು ವರ್ಷ ಮನೆಮನೆಗೆ ತಿರುಗಿ 4,60,000 ರೂಪಾಯಿ ಕೂಡಿಸಿದೆವು, ಕಟ್ಟಡದ ಪರವಾನಗಿಗೆ ಹದಿನಾಲ್ಕು ತಿಂಗಳು ಕಾದೆವು. ಆ ಅವಧಿಯಲ್ಲಿ ಸಿಮೆಂಟಿನ ಬೆಲೆ ಏರಿದ್ದರಿಂದ ಗಂಟೆಗೋಪುರವನ್ನು ಕೈಬಿಡಬೇಕಾಯಿತು. ನಮಗೆ ಸಿಗುವುದು ಸವಲತ್ತೆಂಬಂತೆ ಮಾತಾಡಬೇಡಿ.

ನಿವೃತ್ತ ಶಿಕ್ಷಕ: ನಿಮ್ಮ ಶ್ರಮವನ್ನು ನಾನು ಹಳಿಯಲಿಲ್ಲ. ನಿಮ್ಮ ಚಾವಣಿಯ ಲೆಕ್ಕ ನಿಮ್ಮ ಕೈಯಲ್ಲೇ ಉಳಿಯಿತಲ್ಲ, ನಾನು ಕೇಳುತ್ತಿರುವುದು ಅದನ್ನೇ.

ಮಾಜಿ ಧರ್ಮದರ್ಶಿ: ಉಡುಪಿಯ ಶಿರೂರು ಮಠ ಸರ್ಕಾರದ ಹಿಡಿತವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ: ಆಚರಣೆ ಧರ್ಮದವರದು, ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು. ಮೇಲುಕೋಟೆಯ ದೇವರ ವೈರಮುಡಿ ಕಿರೀಟ ಮಂಡ್ಯದ ಖಜಾನೆಯಲ್ಲಿರುವುದರಿಂದಲೇ ಉಳಿದಿದೆ.

ಅರ್ಚಕ: ಅದೇ ತೀರ್ಪು ಆಡಳಿತವನ್ನು ಪೂರ್ತಿ ಕಿತ್ತುಕೊಳ್ಳುವಂತಿಲ್ಲ ಎಂದೂ ಹೇಳಿದೆ, ಅದನ್ನು ಏಕೆ ಬಿಟ್ಟಿರಿ? ಕಿರೀಟಕ್ಕೆ ಪೊಲೀಸ್ ಕಾವಲು ಸಿಗುತ್ತದೆ. ನಮ್ಮ ಗುಡಿಯ ಕಿಟಕಿಯ ಸರಳು ಮುರಿದು ಎರಡು ವರ್ಷವಾಯಿತು, ಮೂರು ಅರ್ಜಿ ಕೊಟ್ಟಿದ್ದೇನೆ, ಈಗಲೂ ತಂತಿಯಿಂದ ಕಟ್ಟಿಯೇ ಇದೆ.