ಕೆಂಪು ಕಂಡದ್ದು ಕಣ್ಣು, ಖಾರ ಅಂದದ್ದು ಯಾರು?

ಪ್ರಶ್ನೆ: ಬ್ಯಾಡಗಿಯವ
ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದರ್ಜೆ ಮಾಡೋದು ನನ್ನ ಕೆಲಸ. ಹೊರಗಿನ ಮಂದಿ ಚೀಲ ಬಿಚ್ಚಿ, ಸುಕ್ಕುಗಟ್ಟಿದ ಕಡುಗೆಂಪು ಕಾಯಿ ಕಂಡ ಕೂಡ್ಲೇ ‘ಅಬ್ಬಾ, ಖಾರ!’ ಅಂತಾರ. ಇನ್ನೂ ನಾಲಿಗಿಗೆ ಮುಟ್ಟಿಸಿರಂಗಿಲ್ಲ. ನಮ್ಮ ಕಡ್ಡಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ. ಅಂದ್ರ ಕಣ್ಣು ಕೊಟ್ಟಿದ್ದು ಕೆಂಪಷ್ಟೇ. ಖಾರ ಎಲ್ಲಿಂದ ಬಂತು? ಇಸ್ಲಾಮಿ ತತ್ತ್ವಜ್ಞಾನಿಗಳು ಇದನ್ನ ಭಾಳ ಆಳಕ್ಕ ವಿಚಾರ ಮಾಡ್ಯಾರ ಅಂತ ಕೇಳೀನಿ. ತಿಳಿದವರು ಬಿಡಿಸಿ ಹೇಳ್ರಿ.

ಉತ್ತರ: ಸಪ್ತಾಪುರ, ಧಾರವಾಡ
ಪರ್ಷಿಯಾದ ತತ್ತ್ವಜ್ಞಾನಿ, ವೈದ್ಯ ಇಬ್ನ್ ಸೀನಾ (980–1037) ಇದನ್ನೇ ಎತ್ತಿದ್ದ. ಅವನ ಉದಾಹರಣಿ ಜೇನುತುಪ್ಪ. ಹಳದಿ ಬಣ್ಣದ್ದೇನೋ ಕಂಡ್ರ ‘ಇದು ಜೇನು, ಸಿಹಿ ಐತಿ’ ಅಂತ ತೀರ್ಮಾನ ಮಾಡಿಬಿಡ್ತೀವಿ, ಆ ಹೊತ್ತಿಗೆ ಸಿಹಿ ನಾಲಿಗಿಗೆ ಮುಟ್ಟಿರಂಗಿಲ್ಲ. ಹಂಗಾಗಿ ಹೊರಗಿನ ಐದು ಇಂದ್ರಿಯಗಳ ಜೋಡಿ ಒಳ ಇಂದ್ರಿಯಗಳೂ ಅದಾವ ಅಂದ. ಅವುಗಳಾಗ ‘ವಹ್ಮ್’ ಅನ್ನೋದು ನಿಮ್ಮ ಪ್ರಶ್ನಿಗೆ ಸಂಬಂಧಪಟ್ಟದ್ದು. ತೋಳದ ಬಣ್ಣ, ಆಕಾರ ಕುರಿಯ ಕಣ್ಣಿಗೆ ಬೀಳ್ತಾವ. ಹಗೆತನ ಕಣ್ಣಿಗೆ ಬೀಳೋ ವಸ್ತು ಅಲ್ಲ, ಆದ್ರೂ ಕುರಿ ಓಡ್ತೈತಿ. ಆ ಹಗೆತನ ಹಿಡಿಯೋದು ವಹ್ಮ್. ತೋಳನ್ನ ಎಂದೂ ಕಾಣದ ಕುರಿಗೂ ಆ ಅಂಜಿಕಿ ಹುಟ್ಟಾ ಇರತೈತಿ. ನಾಯಿ ಬಡಿಗಿಗೆ ಅಂಜೋದು ಮಾತ್ರ ಪೆಟ್ಟು ತಿಂದ ಮ್ಯಾಲೆ. ನಿಮ್ಮ ಗಿರಾಕಿಗಳದ್ದು ಎರಡನೇ ನಮೂನಿ. ಎಲ್ಲೋ ಗುಂಟೂರು ಕಾಯಿ ಕಡಿದು ಕಣ್ಣೀರು ಹಾಕಿರಬೇಕು.

ಇನ್ನ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್. ಅವನು 1641ರಾಗ ಬರೀತಾನ: ಕಿಟಕಿಯಿಂದ ನೋಡಿದ್ರ ಕಾಣೋದು ಟೋಪಿ, ನಿಲುವಂಗಿ ಅಷ್ಟೇ, ಮನುಷ್ಯರು ಹೊಂಟಾರ ಅಂತ ತೀರ್ಮಾನ ಮಾಡೋದು ಮನಸ್ಸು. ಮ್ಯಾಲ್ಮ್ಯಾಲೆ ನೋಡಿದ್ರ ಇಬ್ಬರ ಮಾತೂ ಒಂದೇ. ಆದ್ರ ಡೆಕಾರ್ಟ್ ಲೆಕ್ಕದಾಗ ಪ್ರಾಣಿಗೆ ಆ ಮನಸ್ಸೇ ಇಲ್ಲ, ಕುರಿ ಬರೇ ಯಂತ್ರ. ನನ್ನ ಮನಸ್ಸು ಒಪ್ಪೋದು ಇಬ್ನ್ ಸೀನಾನ್ನ. ಬುದ್ಧಿಗಿಂತ ಕೆಳಗ, ಕಣ್ಣಿಗಿಂತ ಮ್ಯಾಲೆ, ಕುರಿಗೂ ನಮಗೂ ಇರೋ ಒಂದು ತಿಳಿವಿಗೆ ಅವ ಜಾಗ ಕೊಟ್ಟ. ಗ್ರೀಕರ ವಿಚಾರ ಯುರೋಪಿಗೆ ದಾಟಿಸಿದವರು ಅಂತಷ್ಟೇ ಇಸ್ಲಾಮಿ ತತ್ತ್ವಜ್ಞಾನಿಗಳನ್ನ ಪಾಠದಾಗ ಮುಗಿಸೋದು ದೊಡ್ಡ ಅನ್ಯಾಯ.

ಉತ್ತರ: ಗದಗಿನಿಂದ
ವಹ್ಮ್ ಅಂತ ಬ್ಯಾರೆ ಶಕ್ತಿ ಯಾಕ ಬೇಕ್ರಿ? ಅದೇ ಕಾಲದ ಇಬ್ನ್ ಅಲ್-ಹೈಥಮ್, ಬಸ್ರಾದಾಗ ಹುಟ್ಟಿ ಕೈರೋದಾಗ ಇದ್ದವ, ದೃಷ್ಟಿಯ ಬಗ್ಗೆ ಏಳು ಭಾಗದ ಗ್ರಂಥ ಬರದಾನ. ಕಣ್ಣಿಗೆ ನೇರ ಸಿಗೋದು ಬೆಳಕು, ಬಣ್ಣ. ಉಳಿದದ್ದು ಹಿಂದ ಕಂಡದ್ದಕ್ಕ ಹೋಲಿಸಿ ತರ್ಕ ಮಾಡಿದ್ದು. ರೂಢಿಯಿಂದ ಅದು ಎಷ್ಟು ಜಲ್ದಿ ಆಗ್ತೈತಿ ಅಂದ್ರ, ತರ್ಕ ಮಾಡಿದ್ವಿ ಅನ್ನೋದೇ ಗೊತ್ತಾಗಂಗಿಲ್ಲ. 19ನೇ ಶತಮಾನದಾಗ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೇಳಿದ್ದೂ ಹೆಚ್ಚುಕಡಿಮಿ ಇದೇ.

ಬ್ಯಾಡಗಿಯವ
ಹಂಗಾರ ಮೆಣಸಿನಕಾಯಿ ರುಚಿನೇ ನೋಡದ ಕೂಸಿಗೆ ಕಾಣೋದು ಬರೇ ಕೆಂಪು?

ಸಪ್ತಾಪುರ, ಧಾರವಾಡ
ಹೌದು, ಇಬ್ಬರ ಲೆಕ್ಕದಾಗೂ. ಬಣ್ಣಕ್ಕ ಮರುಳಾಗಿ ಬಾಯಿಗೆ ಇಟ್ಟುಕೊಳ್ತೈತಿ. ಆದ್ರ ಗದಗಿನವರ, ಎಂದೂ ಕಾಣದ ತೋಳಕ್ಕ ಅಂಜೋ ಕುರಿ ಹಿಂದ ಕಂಡ ಯಾವುದಕ್ಕ ಹೋಲಿಸಿ ನೋಡ್ತೈತಿ? ಅದನ್ನ ನೀವು ಹೇಳಬೇಕು.