ಇಬ್ರೇ ಇದ್ರೆ ಸೆವೆನ್-ಏಟ್ ಆಡೋದು ಹೇಗೆ?

ಪ್ರಶ್ನೆ:
ಮನೇಲಿ ನಾನು, ಅಜ್ಜಿ ಇಬ್ರೇ. ಇಪ್ಪತ್ತೆಂಟು ಆಡೋಕೆ ನಾಲ್ಕು ಜನ ಬೇಕು, ಅಜ್ಜಿಗೋ ಇಸ್ಪೀಟು ಅಂದ್ರೆ ಪ್ರಾಣ. ಸೆವೆನ್-ಏಟ್ ಇಬ್ರೇ ಆಡ್ಬಹುದಂತೆ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಉತ್ತರ 1:
30 ಎಲೆ ಸಾಕು. ನಾಲ್ಕೂ ಜಾತೀಲಿ ಎಕ್ಕ, ರಾಜ, ರಾಣಿ, ಗುಲಾಮ, 10, 9, 8 ತಗೊಂಡ್ರೆ 28 ಆಗತ್ತೆ, ಅದಕ್ಕೆ ಇಸ್ಪೀಟಿನ 7, ಆಟೀನಿನ 7 ಸೇರಿಸಿ. ಮೊದ್ಲು ಐದೈದು ಹಂಚಿ, ಹಂಚದೇ ಇರೋರು ಆ ಐದನ್ನೇ ನೋಡಿ ತುರುಪು (ಬೇರೆ ಜಾತಿ ಎಲೇನೆಲ್ಲ ಹೊಡೆಯೋ ಜಾತಿ) ಯಾವ್ದು ಅಂತ ಹೇಳ್ಬೇಕು, ಆಮೇಲೆ ಉಳಿದ ಹತ್ತತ್ತು ಹಂಚೋದು. ಇಬ್ರೂ ಒಂದೊಂದು ಎಲೆ ಹಾಕೋ ಸುತ್ತು ಗೆದ್ರೆ ಒಂದು ಕೈ; ತುರುಪು ಹೇಳಿದೋರು 8 ಕೈ ಹಿಡೀಬೇಕು, ಹಂಚಿದೋರಿಗೆ 7 ಸಾಕು. ಕೇಳಿದ ಜಾತಿ ಇದ್ರೆ ಅದನ್ನೇ ಹಾಕ್ಬೇಕು, ಇಲ್ದಿದ್ರೆ ತುರುಪಲ್ಲಿ ಹೊಡೀಬಹುದು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ಜಾಸ್ತಿ ಕೈ ಬಂದ್ರೆ?

ಉತ್ತರ 2:
ಅಲ್ಲೇ ಇರೋದು ಮಜಾ. 8 ಬೇಕಾದ ಕಡೆ ನೀವು 10 ಹಿಡಿದ್ರಿ ಅಂದ್ಕೊಳ್ಳಿ, ಮುಂದಿನ ಆಟದಲ್ಲಿ ಎಲೆ ಹಂಚಿ ಆದ್ಮೇಲೆ ಅಜ್ಜಿ ಕೈಯಿಂದ ನೋಡದೇ ಎರಡು ಎಲೆ ಎಳೀಬಹುದು, ಬದಲಿಗೆ ನಿಮಗೆ ಬೇಡದ ಎರಡು ಕೊಟ್ರಾಯ್ತು. ಎಕ್ಕ ಕೈಗೆ ಸಿಕ್ತು ಅಂದ್ರೆ ಆಟಾನೇ ತಿರುಗತ್ತೆ.

ಇನ್ನೊಂದು, 30 ಎಲೇನೂ ಹಂಚಿ ಮುಗಿದಿರತ್ತೆ, ಅಂದ್ರೆ ನಿಮ್ಮ ಹತ್ರ ಇಲ್ಲದ್ದೆಲ್ಲ ಅಜ್ಜಿ ಹತ್ರ ಇದೆ. ಕಳಾವರ್ ರಾಜ ನಿಮ್ಮಲ್ಲಿದ್ದು ಎಕ್ಕ ಇಲ್ದಿದ್ರೆ ರಾಜನ್ನ ಮೊದ್ಲು ಇಳಿಸ್ಬೇಡಿ, ಎಂಟೋ ಒಂಬತ್ತೋ ಹಾಕಿ ನೋಡಿ, ಅಜ್ಜಿ ಎಕ್ಕದಲ್ಲಿ ಹಿಡಿದ್ರೆ ಆಮೇಲೆ ಆ ಜಾತೀಲಿ ನಿಮ್ಮ ರಾಜಾನೇ ದೊಡ್ಡೋನು. ಹೋದ ಎಲೆ ಲೆಕ್ಕ ಇಡಿ.