ವಿಂಡ್‌ರಷ್ ಪೀಳಿಗೆಯವರು ಬ್ರಿಟಿಷ್ ಪ್ರಜೆಗಳೇ ಆಗಿದ್ದರೆ ಅಕ್ರಮ ವಲಸಿಗರು ಹೇಗಾದರು?

ಕಡಲಹಕ್ಕಿ:
1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಕೆರಿಬಿಯನ್ ದ್ವೀಪಗಳಿಂದ ಜನರನ್ನು ಹೊತ್ತು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂತು. ಹೀಗೆ ಬಂದವರನ್ನೂ ಆಮೇಲಿನ ವರ್ಷಗಳಲ್ಲಿ ಬಂದವರನ್ನೂ ಸೇರಿಸಿ ವಿಂಡ್‌ರಷ್ ಪೀಳಿಗೆ ಅನ್ನುತ್ತಾರೆ. ಅವರೆಲ್ಲ ಬ್ರಿಟಿಷ್ ಪ್ರಜೆಗಳೇ, ವೀಸಾ ಗೀಸಾ ಏನೂ ಬೇಕಿರಲಿಲ್ಲ. ಹಾಗಿದ್ದ ಮೇಲೆ 2018ರ ಹೊತ್ತಿಗೆ ಅದೇ ಪೀಳಿಗೆಯವರ ಕೆಲಸ ಕಿತ್ತುಕೊಂಡು, ಕೆಲವರನ್ನು ದೇಶದಿಂದಲೇ ಹೊರಗೆ ಕಳಿಸಿದ್ದು ಯಾವ ಲೆಕ್ಕ? ಇವರೆಲ್ಲ ಸುಮ್ನೆ ಸಹಿಸಿಕೊಂಡು ಇದ್ದುಬಿಟ್ಟರಾ?

ಹಳೇಕಡತ:
ಒಂದೇ ಏಟಿಗೆ ಯಾರೂ ಪೌರತ್ವ ರದ್ದು ಮಾಡಲಿಲ್ಲ. 1948ರ ಕಾಯ್ದೆ ಬ್ರಿಟನ್ನಿನವರಿಗೂ ವಸಾಹತುಗಳವರಿಗೂ ಒಂದೇ ಪೌರತ್ವ ಕೊಟ್ಟಿತ್ತು. 1962ರಲ್ಲಿ ವಸಾಹತುಗಳಿಂದ ಬ್ರಿಟನ್ನಿಗೆ ಬರುವವರಿಗೆ ಮೊದಲ ತಡೆ ಬಂತು, ಅದೇ ವರ್ಷ ಜಮೈಕಾ ಸ್ವತಂತ್ರವಾಗಿ ಅಲ್ಲಿಂದ ಬಂದಿದ್ದ ಬಹಳ ಜನರ ಪೌರತ್ವವೂ ಬದಲಾಯಿತು. 1971ರ ವಲಸೆ ಕಾಯ್ದೆ 1973ರ ಜನವರಿ 1ಕ್ಕೆ ಜಾರಿಯಾದಾಗ, ಆಗಲೇ ನೆಲೆಸಿದ್ದವರಿಗೆ ಬ್ರಿಟನ್ನಿನಲ್ಲೇ ಇರುವ ಹಕ್ಕು ತಾನಾಗಿಯೇ ಸಿಕ್ಕಿತು. ಎಡವಟ್ಟಾಗಿದ್ದು ಇಲ್ಲೇ ನೋಡಿ: ಅರ್ಜಿ ಹಾಕಬೇಕಿರಲಿಲ್ಲ, ಹಾಗಾಗಿ ಕೈಗೆ ಕಾಗದವೂ ಬರಲಿಲ್ಲ. ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲೇ ಬಂದ ಮಕ್ಕಳ ಹತ್ತಿರವಂತೂ ಏನೂ ಇಲ್ಲ.

ಆಮೇಲೆ 2014 ಮತ್ತು 2016ರ ವಲಸೆ ಕಾಯ್ದೆಗಳು ಬಂದವು. ಮನೆ ಮಾಲೀಕ, ಕೆಲಸ ಕೊಡುವವನು, ಬ್ಯಾಂಕಿನವನು, ಎಲ್ಲರೂ ದೇಶದಲ್ಲಿರುವ ಹಕ್ಕಿನ ಕಾಗದ ಕೇಳಬೇಕು. ಬಂದಿಳಿದಾಗ ತುಂಬಿಸಿದ ಚೀಟಿಗಳನ್ನಾದರೂ ತೋರಿಸೋಣ ಅಂದರೆ, ಅವನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು!

ಪಾಲೆಟ್ ವಿಲ್ಸನ್ ಕಥೆ ಓದಿ. 1968ರಲ್ಲಿ 10 ವರ್ಷದ ಹುಡುಗಿಯಾಗಿ ಜಮೈಕಾದಿಂದ ಬಂದವರು, ಮತ್ತೆ ಆ ಕಡೆ ಹೋಗಿಯೇ ಇಲ್ಲ. ಸಂಸತ್ತಿನ ಕ್ಯಾಂಟೀನಿನಲ್ಲಿ ಸಂಸದರಿಗೇ ಅಡುಗೆ ಮಾಡಿ ಹಾಕಿದ್ದರು, 34 ವರ್ಷದ ರಾಷ್ಟ್ರೀಯ ವಿಮೆ ಕಂತು ಕಟ್ಟಿದ ದಾಖಲೆಯೂ ಇತ್ತು. ಆದರೂ 2017ರಲ್ಲಿ ಯಾರ್ಲ್ಸ್ ವುಡ್ ಬಂಧನ ಕೇಂದ್ರಕ್ಕೆ ಹಾಕಿದರು. ಇನ್ನೇನು ವಿಮಾನ ಹತ್ತಿಸಬೇಕು ಅನ್ನುವಾಗ ಅವರ ಸಂಸದರು ಮಧ್ಯೆ ಬಂದು ತಡೆದರು.

ಮೂರನೇಬೆಂಚು:
ಕಡತ ನಿರ್ವಹಣೆಯಲ್ಲಿ ಆದ ತಪ್ಪು ಅಷ್ಟೇ ಅಲ್ವಾ ಇದು? ಜನಾಂಗ ದ್ವೇಷ ಗೀಷ ಅಂತ ಯಾಕೆ ಎಳೆಯೋದು?

ಹಳೇಕಡತ:
ಸ್ವಾಮಿ, ಗುಮಾಸ್ತ ಕಡತ ಕಳೆದರೆ ತಪ್ಪು ಅನ್ನಬಹುದು. ಆದರೆ ಕಾಗದ ಇಲ್ಲದವರ ಬದುಕು ಕಷ್ಟ ಆಗಲಿ ಅಂತಲೇ ಮಾಡಿದ ನೀತಿ ಇದು, 2012ರಲ್ಲಿ ಆಗಿನ ಗೃಹ ಸಚಿವೆ ಥೆರೆಸಾ ಮೇ ಬಹಿರಂಗವಾಗಿಯೇ ಹೇಳಿದ್ದರು. ಅದರ ಏಟು ಯಾರಿಗೆ ಜಾಸ್ತಿ ಬೀಳುತ್ತೆ ಅನ್ನೋದು ಊಹಿಸಲಾಗದ ವಿಷಯ ಏನಲ್ಲ.

ಬೀದಿದೀಪ:
ಸುಮ್ನೆ ಇದ್ದರಾ ಅಂತ ಕೇಳಿದಿರಲ್ಲ, ಇಲ್ಲವೇ ಇಲ್ಲ. 1963ರಲ್ಲಿ ಬ್ರಿಸ್ಟಲ್ ಬಸ್ ಕಂಪನಿ ಕಪ್ಪು ಜನರನ್ನು ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತಗೊಳ್ತಿರಲಿಲ್ಲ. ಹೋರಾಟಗಾರ ಪಾಲ್ ಸ್ಟೀಫನ್‌ಸನ್ ಇದನ್ನು ಬಯಲು ಮಾಡಲು ಬೇಕಂತಲೇ ಗೈ ಬೈಲಿ ಅನ್ನುವ ಹುಡುಗನಿಗೆ ಸಂದರ್ಶನ ಕೊಡಿಸಿದರು. ಹುಡುಗ ಕೆರಿಬಿಯನ್ ಕಡೆಯವನು ಅಂತ ಗೊತ್ತಾದ ತಕ್ಷಣ ಸಂದರ್ಶನ ರದ್ದು. ಆಗ ಶುರುವಾಯಿತು ಬಸ್ ಬಹಿಷ್ಕಾರ. ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್ ಆಗ ಟ್ರಿನಿಡಾಡ್‌ನ ಹೈಕಮಿಷನರ್, ಅವರೂ ದನಿ ಎತ್ತಿದರು. ಬೇಜಾರಿನ ವಿಷಯ ಅಂದರೆ, ಸ್ಥಳೀಯ ಕಾರ್ಮಿಕ ಸಂಘವೂ ಈ ನಿಷೇಧದ ಪರವೇ ಇತ್ತು. ಆಗಸ್ಟ್ 28ಕ್ಕೆ ಕಂಪನಿ ಮಣಿಯಿತು. ಆಮೇಲೆ ಮೊದಲು ಕಂಡಕ್ಟರ್ ಆಗಿದ್ದು ರಘಬೀರ್ ಸಿಂಗ್ ಅನ್ನುವ ಸಿಖ್ಖರು!

1970ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ಜನ ಸೇರುತ್ತಿದ್ದ ಮ್ಯಾಂಗ್ರೋವ್ ಹೋಟೆಲಿನ ಮೇಲೆ ಪೊಲೀಸರು ಪದೇಪದೇ ದಾಳಿ ಮಾಡ್ತಿದ್ದರು ಅಂತ ಜನ ಮೆರವಣಿಗೆ ಹೊರಟರು. 9 ಜನರ ಮೇಲೆ ಗಲಭೆ ಕೇಸು ಬಿತ್ತು. ಅವರಲ್ಲಿ ಡಾರ್ಕಸ್ ಹೋವ್, ಆಲ್ಥಿಯಾ ಜೋನ್ಸ್ ಇಬ್ಬರೂ ವಕೀಲರನ್ನು ಇಟ್ಟುಕೊಳ್ಳದೆ ತಾವೇ ವಾದಿಸಿದರು. ಗಲಭೆ ಆರೋಪದಿಂದ ಅಷ್ಟೂ ಜನ ಖುಲಾಸೆ.

ಕಡಲಹಕ್ಕಿ:
ಥ್ಯಾಂಕ್ಸ್. ಕಾಗದ ಇಲ್ಲದವರಿಗೆ ಆಮೇಲೆ ಪರಿಹಾರ ಸಿಕ್ಕಿತಾ?

ಹಳೇಕಡತ:
2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು, 2019ರಲ್ಲಿ ಪರಿಹಾರ ಯೋಜನೆ ಶುರುವಾಯಿತು. ಅಲ್ಲೂ ನಷ್ಟಕ್ಕೆ ದಾಖಲೆ ತನ್ನಿ ಅಂತಲೇ ಕೂತರು. ದುಡ್ಡು ಕೈಗೆ ಬರುವ ಮೊದಲೇ ಹಲವರು ತೀರಿಕೊಂಡರು.